ತೋಟವಿದ್ದವರಿಗೆ ‘ಸಹಜ್’ ಸಹಜವಲ್ಲ

ಜುಲೈ ಕಾಲಿಟ್ಟಿತೆಂದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಂಪ್ಯೂಟರ್ ಅಂಗಡಿಗಳ ಮುಂದೆ ಮೇಷ್ಟ್ರುಗಳ ಸಾಲು ಶುರು. ಬ್ಯಾಂಕಿನವರು, ಪಿಂಚಣಿದಾರರು, ಆಸ್ಪತ್ರೆ ಸಿಬ್ಬಂದಿ, ಎಲ್ಲರಿಗೂ ಒಂದೇ ಚಿಂತೆ: ಆದಾಯ ತೆರಿಗೆಯ ರಿಟರ್ನು. ಐನೂರು ಕೊಟ್ಟವರುಂಟು, ಸಾವಿರ ಕೊಟ್ಟವರುಂಟು, ಬರೋ ರೀಫಂಡಿನಲ್ಲಿ ಇಂತಿಷ್ಟು ಪಾಲು ಎಂದು ಒಪ್ಪಿಕೊಂಡು ಎದ್ದು ಬಂದವರೂ ಉಂಟು.

ಈ ಲೆಕ್ಕ ಒಪ್ಪಿಸಲು ಸರ್ಕಾರ ಮಾತ್ರ ಒಂದು ಕಾಸನ್ನೂ ಕೇಳುವುದಿಲ್ಲ. ಇಲಾಖೆಯ ಸ್ವಂತ ಪೋರ್ಟಲ್ 2021ರ ಜೂನ್ 7ರಂದು ಹೊಸ ರೂಪದಲ್ಲಿ ತೆರೆಯಿತು. ಕಟ್ಟಿದ್ದು ಬೆಂಗಳೂರಿನ ಇನ್ಫೋಸಿಸ್. ಮೊದಮೊದಲು ಅದು ಕೊಟ್ಟ ಕಾಟಕ್ಕೆ ಅದೇ ಆಗಸ್ಟ್‌ನಲ್ಲಿ ಕಂಪನಿಯ ಮುಖ್ಯಸ್ಥರನ್ನು ಹಣಕಾಸು ಸಚಿವಾಲಯ ದೆಹಲಿಗೆ ಕರೆಸಿ ವಿಚಾರಿಸಿತು. ಈಗ ಆ ಪಾಡಿಲ್ಲ. ಪ್ಯಾನ್ ನಂಬರ್ ಹಾಕಿ ಒಳಗೆ ಹೋದರೆ ಸಂಬಳ, ಬ್ಯಾಂಕಿನ ಬಡ್ಡಿ, ಹಿಡಿದುಕೊಂಡ ತೆರಿಗೆ ಬಹುಮಟ್ಟಿಗೆ ತುಂಬಿಯೇ ಇರುತ್ತದೆ. ನೆಟ್‌ವರ್ಕ್ ಕೈಕೊಡುವ ಹಳ್ಳಿಯವರು ಫಾರಂ ತುಂಬುವ ತಂತ್ರಾಂಶವನ್ನು ಇಳಿಸಿಕೊಂಡು ಮನೆಯಲ್ಲೇ ನಿಧಾನವಾಗಿ ತುಂಬಬಹುದು. ಅದೂ ಬಿಟ್ಟಿ. ಅಮೆರಿಕದಂಥ ಅಮೆರಿಕದಲ್ಲಿ ಸರ್ಕಾರ 2024ರಲ್ಲಿ 12 ರಾಜ್ಯಗಳಲ್ಲಿ ಶುರುಮಾಡಿದ ಇಂಥದೇ ಬಿಟ್ಟಿ ವ್ಯವಸ್ಥೆಯನ್ನು 2026ರ ಹೊತ್ತಿಗೆ ಮುಚ್ಚಿಹಾಕಿತು. ಅಲ್ಲಿಯವರು ಕಳೆದುಕೊಂಡದ್ದು ಇಲ್ಲಿ ಕೈಯಲ್ಲೇ ಇದೆ.

ಹಾಗಿದ್ದೂ ಮೇಷ್ಟ್ರು ಅಂಗಡಿಗೆ ಯಾಕೆ ಹೋಗುತ್ತಾರೆ? ಬರೀ ಸೋಮಾರಿತನ ಎಂದು ತಳ್ಳಿಹಾಕುವಂತಿಲ್ಲ. ಸಂಬಳದಾರರಿಗೆಂದು ಇಲಾಖೆ ಮಾಡಿರುವ ಸುಲಭದ ಫಾರಂಗೆ ‘ಸಹಜ್’ ಎಂದು ಹೆಸರು. ಆದರೆ ವರ್ಷಕ್ಕೆ 5,000 ರೂಪಾಯಿಗಿಂತ ಹೆಚ್ಚು ಕೃಷಿ ಆದಾಯ ಇರುವವರು ಅದನ್ನು ಮುಟ್ಟುವಂತಿಲ್ಲ. ಸಣ್ಣ ವ್ಯಾಪಾರಿಗಳ ‘ಸುಗಮ್’ ಫಾರಂಗೂ ಇದೇ ಕಟ್ಟಳೆ. 2025ರಲ್ಲಿ ಕೊಬ್ಬರಿ ಕ್ವಿಂಟಾಲಿಗೆ 25 ಸಾವಿರ ದಾಟಿತ್ತು. ಆ ದರದಲ್ಲಿ ಐದು ಸಾವಿರ ಎಂದರೆ ಇಪ್ಪತ್ತು ಕೆಜಿ ಕೊಬ್ಬರಿ! ಅಟ್ಟದ ಮೂಲೆಯಲ್ಲಿ ಇಲಿ ತಿಂದು ಉಳಿದದ್ದೇ ಅಷ್ಟಿರುತ್ತದೆ. ನೊಣವಿನಕೆರೆಯಿಂದ ಹುಳಿಯಾರಿನವರೆಗೆ ತೆಂಗಿನ ಗಿಡ ಇಲ್ಲದ ನೌಕರ ಎಷ್ಟು ಮಂದಿ ಸಿಕ್ಕಾರು?

ಅದೇ 2025ರಲ್ಲಿ ಇಲಾಖೆ ಷೇರುಪೇಟೆಯವರ ಮೇಲೆ ದಯೆ ತೋರಿ, 1.25 ಲಕ್ಷದವರೆಗಿನ ದೀರ್ಘಾವಧಿ ಲಾಭವನ್ನು ‘ಸಹಜ್’ನಲ್ಲೇ ತೋರಿಸಬಹುದು ಎಂದಿತು. ಷೇರಿಗೆ ಸಡಿಲ, ತೆಂಗಿಗೆ ಬಿಗಿ. ಇದು ಯಾವ ನ್ಯಾಯ?

ತೋಟ ಇದ್ದವರು ಐಟಿಆರ್-2 ತುಂಬಬೇಕು. ಅದೂ ಅದೇ ಪೋರ್ಟಲಿನಲ್ಲಿ ಬಿಟ್ಟಿಯಾಗಿಯೇ ಇದೆ. ಆದರೆ ಹಾಳೆಗಳು ಹೆಚ್ಚು, ಇಂಗ್ಲಿಷ್ ಹೆಚ್ಚು. ಅದನ್ನು ಕಂಡೊಡನೆ ಎದೆ ಧಸಕ್ಕೆನ್ನುತ್ತದೆ. ಅಂಗಡಿಯವನಿಗೋ ಹಿಂದೆ ಇಪ್ಪತ್ತು ಜನ ಕಾಯುತ್ತಿರುತ್ತಾರೆ. “ತೋಟದ್ದು ಯಾಕೆ ಸಾರ್, ಕೃಷಿಗೆ ಟ್ಯಾಕ್ಸ್ ಇಲ್ಲವಲ್ಲ” ಎಂದು ‘ಸಹಜ್’ ಒತ್ತಿಬಿಡುತ್ತಾನೆ.

ಕೃಷಿಗೆ ತೆರಿಗೆ ಇಲ್ಲ ಎಂಬುದು ನಿಜ. ತೋಟ ಬಿಟ್ಟು ಬೇರೆ ವರಮಾನವಿಲ್ಲದ ರೈತ ತೆರಿಗೆಯನ್ನೂ ಕಟ್ಟಬೇಕಿಲ್ಲ, ರಿಟರ್ನನ್ನೂ ಕೊಡಬೇಕಿಲ್ಲ. ಆದರೆ ಸಂಬಳವೂ ತೋಟವೂ ಎರಡೂ ಇದ್ದವರ ಲೆಕ್ಕ ಬೇರೆ. ಕೆ.ಎನ್. ರಾಜ್ ಸಮಿತಿ 1972ರಲ್ಲಿ ಮಾಡಿದ ಶಿಫಾರಸಿನಂತೆ 1973ರ ಹಣಕಾಸು ಕಾಯ್ದೆ ಒಂದು ಏರ್ಪಾಡು ತಂದಿತು. ತೋಟದ ಹಣಕ್ಕೆ ತೆರಿಗೆ ಹಾಕುವುದಿಲ್ಲ, ಆದರೆ ಸಂಬಳಕ್ಕೆ ಯಾವ ದರ ಎಂದು ನೋಡುವಾಗ ಅದನ್ನೂ ಕೂಡಿಸುತ್ತಾರೆ.

ಕಾಲೇಜು ಮೇಷ್ಟ್ರೊಬ್ಬರಿಗೆ ಕಳೆಯುವುದೆಲ್ಲ ಕಳೆದು 13 ಲಕ್ಷ ಸಂಬಳ, ಖರ್ಚು ಕಳೆದು ತೋಟದಿಂದ 3 ಲಕ್ಷ ಎಂದಿಟ್ಟುಕೊಳ್ಳಿ. 2025–26ರ ವರಮಾನಕ್ಕೆ ಹೊಸ ಪದ್ಧತಿಯಲ್ಲಿ ಬರೀ ಸಂಬಳದ ಮೇಲೆ 75,000 ತೆರಿಗೆ. ತೋಟ ಸೇರಿಸಿದರೆ 16 ಲಕ್ಷಕ್ಕೆ 1,20,000; ಅದರಲ್ಲಿ ತೋಟದ 3 ಲಕ್ಷಕ್ಕೆ 4 ಲಕ್ಷ ಕೂಡಿಸಿ ಬರುವ ತೆರಿಗೆ 15,000 ಕಳೆಯಬೇಕು. ಉಳಿಯುವುದು 1,05,000. ಇದರ ಮೇಲೆ ಶೇ. 4 ಸೆಸ್. ಅಂಗಡಿಯವ ಉಳಿಸಿಕೊಟ್ಟೆ ಎನ್ನುವ ಮೂವತ್ತು ಸಾವಿರ ಉಳಿತಾಯವಲ್ಲ, ಬಾಕಿ. ಎಂಟು ಲಕ್ಷ ಸಂಬಳದ ಪ್ರೈಮರಿ ಮೇಷ್ಟ್ರಿಗೆ ಅಷ್ಟೇ ತೋಟವಿದ್ದರೆ ರಿಯಾಯಿತಿ ಕಳೆದು ತೆರಿಗೆ ಸೊನ್ನೆ. ಅವರು ಮುಚ್ಚಿಟ್ಟು ಗಳಿಸುವುದು ಏನೂ ಇಲ್ಲ. ಆದರೂ ಅವರ ಫಾರಂನಲ್ಲೂ ತೋಟ ಮಾಯ.

ತಪ್ಪು ಫಾರಂ ಹೋದರೆ ‘ದೋಷಪೂರಿತ’ ಎಂದು ನೋಟಿಸು ಬರಬಹುದು. ಉತ್ತರಕ್ಕೆ ಹದಿನೈದು ದಿನ. ಸರಿಪಡಿಸದಿದ್ದರೆ ರಿಟರ್ನು ಕೊಟ್ಟೇ ಇಲ್ಲವೆಂದು ಎಣಿಸಲು ಕಾನೂನಿದೆ. ಆ ನೋಟಿಸು ಯಾರಿಗೆ ಮುಟ್ಟುತ್ತದೆ ಎಂಬುದೇ ಪ್ರಶ್ನೆ. 2025ರ ಜುಲೈ 14ರಂದು ಇಲಾಖೆ ದೇಶದ 150 ಕಡೆ ಇಂಥ ಮಧ್ಯವರ್ತಿಗಳ ತಪಾಸಣೆ ನಡೆಸಿತು. ಸುಳ್ಳು ವಿನಾಯಿತಿ ತೋರಿಸಿ ರೀಫಂಡ್ ಎಳೆಯುವುದು ಒಂದು ದಂಧೆಯಾದರೆ, ತಾತ್ಕಾಲಿಕ ಇಮೇಲ್ ಹುಟ್ಟಿಸಿ ನೂರಾರು ರಿಟರ್ನು ಕೊಟ್ಟು, ಆಮೇಲೆ ಅದನ್ನು ಕೈಬಿಡುವುದು ಇನ್ನೊಂದು. ನೋಟಿಸುಗಳೆಲ್ಲ ಪಾಳು ಬಾವಿಗೆ ಬಿದ್ದ ಹಾಗೆ. ಸಹಿ ಮೇಷ್ಟ್ರದು, ದಂಡವೂ ಮೇಷ್ಟ್ರದೇ. ತಪ್ಪು ಲೆಕ್ಕ ಎಂದು ಸಾಬೀತಾದರೆ ಆ ತೆರಿಗೆಯ ಶೇ. 200ರವರೆಗೆ. ಬೇರೆಯವರ ಕೈಲಿ ತುಂಬಿಸಿದರೂ ಫೋನ್ ನಂಬರ್, ಇಮೇಲ್, ಪಾಸ್‌ವರ್ಡ್ ಮೂರೂ ತಮ್ಮವೇ ಆಗಿರಬೇಕು.

ಐಟಿಆರ್-2 ಅಷ್ಟು ದೊಡ್ಡ ಭೂತವೂ ಅಲ್ಲ. ಮಂಡಿಯ ಪಟ್ಟಿ, ಗೊಬ್ಬರದ ಬಿಲ್ಲು, ಕಾಯಿ ಕೀಳಿಸಿದ, ಸುಲಿಸಿದ ಕೂಲಿ ಬರೆದಿಟ್ಟ ಪುಸ್ತಕ ಇದ್ದರೆ ಅರ್ಧ ಕೆಲಸ ಮುಗಿಯಿತು. ನಿವ್ವಳ 5 ಲಕ್ಷ ದಾಟಿದವರಿಗೆ ಮಾತ್ರ ಜಿಲ್ಲೆ, ಪಿನ್‌ಕೋಡ್, ಎಷ್ಟು ಎಕರೆ, ಸ್ವಂತದ್ದೋ ಗುತ್ತಿಗೆಯೋ, ನೀರಾವರಿಯೋ ಮಳೆಯಾಶ್ರಯವೋ ಎಂದು ಕೇಳುತ್ತದೆ. ಅದಕ್ಕೆ ಪಹಣಿ ಪಕ್ಕದಲ್ಲಿದ್ದರೆ ಸಾಕು. ತೊಡಕು ಬರುವುದು ಖಾತೆ ಅಪ್ಪನ ಹೆಸರಿನಲ್ಲಿ, ದುಡಿಮೆ ಮಗನದು ಎಂಬ ಮನೆಗಳಲ್ಲಿ. ಸ್ವಂತ ಕಾಯಿ ಅಟ್ಟದಲ್ಲಿ ಒಣಗಿಸಿ ಮಾರಿದ್ದು ಕೃಷಿ, ಊರವರ ಕಾಯಿ ಕೊಂಡು ಕೊಬ್ಬರಿ ಮಾಡಿದ್ದು ವ್ಯಾಪಾರ ಎಂಬ ವ್ಯತ್ಯಾಸವೂ ಅನೇಕರಿಗೆ ಗೊತ್ತಿಲ್ಲ. ಇಂಥ ಕಡೆ ತಿಳಿದ ಲೆಕ್ಕಪರಿಶೋಧಕರಿಗೆ ದುಡ್ಡು ಕೊಡುವುದು ದಂಡವಲ್ಲ.

ಉಳಿದವರಿಗೆ ಬೇಕಿರುವುದು ಕನ್ನಡದಲ್ಲಿ ಹೇಳಿಕೊಡುವ ಒಬ್ಬ ಮನುಷ್ಯ. ತುಮಕೂರಿನ ಆದಾಯ ತೆರಿಗೆ ಕಚೇರಿಯವರು ಜುಲೈನಲ್ಲಿ ಮೂರು ತಾಲ್ಲೂಕಿಗೂ ಒಂದೊಂದು ದಿನ ಬರಲಿ. ನೌಕರರ ಸಂಘದವರು ಸನ್ಮಾನ ಸಮಾರಂಭಕ್ಕೆ ಹಾಕುವ ಶಾಮಿಯಾನದಡಿ ನಾಲ್ಕು ಕಂಪ್ಯೂಟರ್ ಇಡಿಸಲಿ. ಎಪಿಎಂಸಿ ಆವರಣದಲ್ಲಿ ಜಾಗಕ್ಕೇನು ಬರವೆ? ಐದು ಸಾವಿರದ ಮಿತಿ ಏರಿಸುವ ಮಾತನ್ನು ಸಂಸದರು ದೆಹಲಿಯಲ್ಲಿ ಎತ್ತಲಿ. ಕೊಬ್ಬರಿಯ ಬೆಂಬಲ ಬೆಲೆಗೆ ದನಿ ಎತ್ತುವವರಿಗೆ ಇದು ಕಷ್ಟದ ಕೆಲಸವಲ್ಲ.

ಅಲ್ಲಿಯವರೆಗೆ, ತಾವೇ ತುಂಬಲು ಕೂತವರು ಇಲಾಖೆಯ ಬಿಟ್ಟಿ ಫೋನ್ 1800 103 0025ಕ್ಕೆ ಕರೆ ಮಾಡಬಹುದು. ಫಾರಂ ಕಳಿಸಿದ ಮೇಲೆ 30 ದಿನದೊಳಗೆ ಆಧಾರ್ ಓಟಿಪಿ ಹಾಕಿ ದೃಢೀಕರಿಸುವುದನ್ನು ಮರೆಯಬಾರದು. ಅದಾಗದಿದ್ದರೆ ತುಂಬಿದ್ದು ತುಂಬಿದಂತಲ್ಲ.