ಗೃಹಗಣಿತ: ‘ಉಳಿದುದರಲ್ಲಿ’ ಎಂಬ ಒಂದು ಮಾತು

ಮಕ್ಕಳು ಕೂಡುವುದು ಕಳೆಯುವುದು ಮೊದಲಾದುವನ್ನು ಚೆನ್ನಾಗಿ ಮಾಡುವರು. ಅದೇ ಲೆಕ್ಕವನ್ನು ಮಾತಿನಲ್ಲಿ ಕೊಟ್ಟರೆ ತಬ್ಬಿಬ್ಬಾಗುವರು. ಅನೇಕ ಮನೆಗಳಲ್ಲಿ ಕೇಳಿಬರುವ ದೂರು ಇದು. ಇಲ್ಲಿ ಕೊರತೆಯು ಬಹುಮಟ್ಟಿಗೆ ಗಣಿತದ್ದಲ್ಲ, ಓದಿನದೆಂದು ನಾವು ತಿಳಿಯುತ್ತೇವೆ.

ಯಾದಗಿರಿ ಜಿಲ್ಲೆಯ ಕೊಡೇಕಲ್ಲಿನ ಕಡೆಯ ಜೋಳದ ಕಣವೊಂದನ್ನು ಊಹಿಸಿಕೊಳ್ಳೋಣ. ಪಾಲಿಗೆ ಹೊಲ ಮಾಡಿದ ರೈತನು ರಾಶಿಯಲ್ಲಿ ಅರ್ಧವನ್ನು ಒಡೆಯನಿಗೆ ಕೊಟ್ಟನು. ಉಳಿದುದರಲ್ಲಿ ಮೂರನೆಯ ಒಂದು ಪಾಲನ್ನು ಸಾಲಕ್ಕೆ ಸಲ್ಲಿಸಿದನು. ಮನೆಗೆ 4 ಚೀಲ ಬಂದುವು. ರಾಶಿಯೆಷ್ಟು?

ತಿಳಿಯದ ರಾಶಿಗೆ ಮೊದಲು ಒಂದು ಹೆಸರಿಡತಕ್ಕುದು. ಭಾಸ್ಕರಾಚಾರ್ಯರು 12ನೆಯ ಶತಮಾನದಲ್ಲಿ ಅದನ್ನು ‘ಯಾವತ್ತಾವತ್’ ಎಂದು ಕರೆದು ‘ಯಾ’ ಎಂದು ಬರೆದರು. ನಾವೂ ಹಾಗೆಯೇ ಬರೆಯೋಣ. ಒಡೆಯನಿಗೆ ಹೋದುದು ಯಾ/2, ಉಳಿದುದೂ ಯಾ/2. ಅದರ ಮೂರನೆಯ ಪಾಲು ಯಾ/6. ಆದುದರಿಂದ,

ಯಾ − ಯಾ/2 − ಯಾ/6 = 4

ಎಂದರೆ ಯಾ/3 = 4; ರಾಶಿ 12 ಚೀಲ.

‘ಉಳಿದುದರಲ್ಲಿ’ ಎಂಬ ಮಾತನ್ನು ಬಿಟ್ಟು ಓದಿದವನು ಯಾ/6ರ ಸ್ಥಾನದಲ್ಲಿ ಯಾ/3 ಎಂದು ಬರೆಯುವನು. ಅವನಿಗೆ 24 ಚೀಲ ಬರುವುದು. ಒಡೆಯನಿಗೆ ಸಂದುದು 6 ಚೀಲ. ಈ ತಪ್ಪು ಲೆಕ್ಕದಂತೆ ಸಲ್ಲಬೇಕಾದುದು 12. ಇನ್ನೂ 6 ಚೀಲ ತಾ ಎಂದರೆ, ಮನೆಯಲ್ಲಿ 4 ಚೀಲ ಮಾತ್ರವಿರುವ ರೈತನು ಏನು ಮಾಡಿಯಾನು? ಒಂದು ಮಾತನ್ನು ನುಂಗಿದುದರಿಂದ ಪ್ರಾಮಾಣಿಕನು ಕಳ್ಳನೆನಿಸುವನು.

ತಾಳೆ ನೋಡುವಾಗ ಸಮೀಕರಣವನ್ನು ನಂಬಬಾರದು. ತಪ್ಪು ಸಮೀಕರಣಕ್ಕೆ ಅದರ ಉತ್ತರವು ಸರಿಯಾಗಿಯೇ ಹೊಂದುವುದು. ಉತ್ತರವನ್ನು ಪ್ರಶ್ನೆಯ ಮಾತುಗಳಿಗೇ ಹಿಂದಿರುಗಿ ಹಾಕತಕ್ಕುದು. 24ರಲ್ಲಿ ಅರ್ಧ ಹೋದರೆ 12. ಅದರ ಮೂರನೆಯ ಪಾಲು 4 ಹೋದರೆ 8 ಉಳಿಯುವುದು, 4 ಅಲ್ಲ. ತಪ್ಪು ಅಲ್ಲಿಯೇ ಹೊರಬೀಳುವುದು.

ಈ ಬಗೆಯ ಲೆಕ್ಕವು ನಮ್ಮ ನಾಡಿಗೆ ಹೊಸದಲ್ಲ. ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ರಚಿಸಿದರು, ಉಳಿದುದರ ಪಾಲನ್ನು ಮತ್ತೆ ಮತ್ತೆ ತೆಗೆಯುವ ಲೆಕ್ಕಗಳಿಗೆ ಅದರಲ್ಲಿ ‘ಶೇಷ’ವೆಂಬ ಪ್ರತ್ಯೇಕ ಜಾತಿಯೇ ಉಂಟು. 12ನೆಯ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದನು.

ತಾಯಿತಂದೆಗಳು ಮಕ್ಕಳಿಗೆ ಪ್ರತಿಯೊಂದು ಪಾಲಿನಲ್ಲಿಯೂ ‘ಯಾವುದರ ಪಾಲು?’ ಎಂದು ಕೇಳುವ ರೂಢಿ ಮಾಡಿಸಲಿ. ಈ ಸಂಜೆಗೆ ಇದೊಂದು: ಬುಟ್ಟಿಯ ಮಾವಿನ ಹಣ್ಣಿನಲ್ಲಿ ನಾಲ್ಕನೆಯ ಒಂದು ಪಾಲು ನೆರೆಮನೆಗೆ, ಉಳಿದುದರಲ್ಲಿ ಅರ್ಧ ಮಕ್ಕಳಿಗೆ, ಬುಟ್ಟಿಯಲ್ಲಿ 9 ಉಳಿದುವು. ಮೊದಲು ಎಷ್ಟಿದ್ದುವು? ಯಾರಾದರೂ 36 ಎಂದರೆ ಗದರಿಸಬೇಡಿರಿ. ಪ್ರಶ್ನೆಯನ್ನು ಇನ್ನೊಮ್ಮೆ ಗಟ್ಟಿಯಾಗಿ ಓದಿಸಿರಿ. 24 ತಾನಾಗಿಯೇ ಬರುವುದು.