ಬಾಲ ಜಿಮ್ನಾಸ್ಟನಿಗೆ ಬಡ್ತಿ ಯಾವಾಗ?

1896ರಲ್ಲಿ ಅಥೆನ್ಸ್ ನಗರದಲ್ಲಿ ಆಧುನಿಕ ಒಲಿಂಪಿಕ್ ಕ್ರೀಡೆಗಳು ಮೊದಲ ಬಾರಿಗೆ ನಡೆದಾಗ, ಪ್ಯಾರಲಲ್ ಬಾರ್ಸ್ ತಂಡಸ್ಪರ್ಧೆಯಲ್ಲಿ ಮೂರನೆಯ ಸ್ಥಾನ ಪಡೆದ ಗ್ರೀಕ್ ತಂಡದಲ್ಲಿ ಡಿಮಿಟ್ರಿಯೋಸ್ ಲೌಂಡ್ರಾಸ್ ಎಂಬ ಹತ್ತು ವರ್ಷದ ಬಾಲಕನೊಬ್ಬನಿದ್ದನು. ಇಂದು ಆ ಬಾಲಕನಿಗೆ ಒಲಿಂಪಿಕ್ ಕಣದ ಬಾಗಿಲು ತೆರೆಯುವುದಿಲ್ಲ. ಅಂತರರಾಷ್ಟ್ರೀಯ ಜಿಮ್ನಾಸ್ಟಿಕ್ಸ್ ಸಂಸ್ಥೆಯು ಹಿರಿಯರ ಸ್ಪರ್ಧೆಗೆ ಮಹಿಳೆಯರಲ್ಲಿ 16, ಪುರುಷರಲ್ಲಿ 18 ವರ್ಷದ ಕನಿಷ್ಠ ವಯೋಮಿತಿಯನ್ನು ವಿಧಿಸಿದೆ. ಈ ಮಿತಿ ಕೇವಲ ಕಾಗದದ ನಿಯಮವಲ್ಲ. 2012 ಮತ್ತು 2016ರ ಒಲಿಂಪಿಕ್ಸ್‌ಗಳಲ್ಲಿ ಸರ್ವಾಂಗ ಸ್ಪರ್ಧೆಯನ್ನು ಗೆದ್ದ ಜಪಾನಿನ ಕೊಹೆಯ್ ಉಚಿಮುರ ಎರಡನೆಯ ಬಾರಿ ಚಿನ್ನ ಪಡೆದಾಗ ಅವರಿಗೆ 27 ವರ್ಷ. ಪುರುಷರ ಜಿಮ್ನಾಸ್ಟಿಕ್ಸ್ ಬೆಳೆದ ಗಂಡಸಿನ ತೋಳ್ಬಲವನ್ನು ಬೇಡುವ ಕ್ರೀಡೆ. ಹೀಗಿದ್ದೂ ಎಂಟು ಹತ್ತು ವರ್ಷದ ಹುಡುಗರನ್ನು ಮೇಲಿನ ಮೆಟ್ಟಿಲಿಗೆ ಹತ್ತಿಸುವ ಆತುರ ಏಕೆ ಎಂಬುದೇ ನಮ್ಮ ಪ್ರಶ್ನೆ.

ಈ ಮೆಟ್ಟಿಲುಗಳ ಪದ್ಧತಿ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಬಹು ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ ಹುಡುಗರ ಸ್ಪರ್ಧೆಗಳನ್ನು ಸಂಖ್ಯೆಗಳಿಂದ ಗುರುತಿಸಿದ ಹಂತಗಳಾಗಿ ವಿಂಗಡಿಸಿದ್ದಾರೆ. ತುತ್ತತುದಿಯದು ಹತ್ತನೆಯ ಹಂತ. ಕೆಳಗಿನ ಹಂತಗಳಲ್ಲಿ ಎಲ್ಲರೂ ಒಂದೇ ನಿಯತ ಕ್ರಮವನ್ನು ಮಾಡಿ ತೋರಿಸಬೇಕು. ಮೇಲಿನವುಗಳಲ್ಲಿ ಹುಡುಗನೂ ತರಬೇತುದಾರನೂ ತಾವೇ ಕ್ರಮವನ್ನು ಹೆಣೆದುಕೊಳ್ಳುತ್ತಾರೆ. ನೆಲ, ಪಾಮೆಲ್ ಹಾರ್ಸ್, ರಿಂಗ್ಸ್, ವಾಲ್ಟ್, ಪ್ಯಾರಲಲ್ ಬಾರ್ಸ್, ಹಾರಿಜಾಂಟಲ್ ಬಾರ್ ಎಂಬ ಆರು ಸಾಧನಗಳಲ್ಲಿಯೂ ಹಂತ ಏರಿದಂತೆ ಕಷ್ಟ ಏರುತ್ತದೆ. ಯಾರು ಯಾವಾಗ ಏರಬೇಕೆಂಬ ತೀರ್ಮಾನದ ಹೊಣೆ ಬಹುಮಟ್ಟಿಗೆ ತರಬೇತುದಾರನ ಹೆಗಲ ಮೇಲೆ ಬೀಳುತ್ತದೆ.

ಸಾಮಾನ್ಯವಾಗಿ ಈ ತೀರ್ಮಾನಕ್ಕೆ ಆಧಾರ ಮೂರು: ಕಳೆದ ವರ್ಷದ ಅಂಕಗಳು, ಹುಡುಗನ ವಯಸ್ಸು, ಮತ್ತು 'ಅವನಿಗೆ ಆ ಪಟ್ಟು ಬಂದಿದೆ' ಎಂಬ ಮಾತು. ನಾಲ್ಕನೆಯದೊಂದುಂಟು, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಪಕ್ಕದ ಮನೆಯ ಹುಡುಗ ಏರಿದನಲ್ಲ ಎಂಬ ತಂದೆತಾಯಿಗಳ ಸಂಕಟ. ನಮ್ಮ ಹಿಂದಿನ ಶಾಲೆಗಳಲ್ಲಿ ಚುರುಕಾದ ಹುಡುಗನಿಗೆ 'ಡಬಲ್ ಪ್ರಮೋಷನ್' ಕೊಟ್ಟು ಒಂದು ತರಗತಿಯನ್ನೇ ಹಾರಿಸುತ್ತಿದ್ದುದನ್ನು ಹಿರಿಯರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಆದರೆ ತರಗತಿ ಹಾರಿದವನು ಲೆಕ್ಕದಲ್ಲಿ ತಪ್ಪಿದರೆ ಕೆಂಪು ಶಾಯಿಯ ಗುರುತು ಬೀಳುತ್ತಿತ್ತು. ಕಂಬಿಯ ಮೇಲೆ ತಪ್ಪಿದರೆ ಮೂಳೆ ಮುರಿಯುತ್ತದೆ.

ನಾವು ಭೌತವಿಜ್ಞಾನವನ್ನು ಬೋಧಿಸುವವರಾದ್ದರಿಂದ ಈ ವಿಷಯವನ್ನು ಅಳತೆಗೋಲಿನ ಕಡೆಯಿಂದಲೇ ನೋಡುತ್ತೇವೆ, ವಾಚಕರು ಕ್ಷಮಿಸಬೇಕು. ಗೆಲಿಲಿಯೋ 1638ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಒಂದು ಸರಳ ಸತ್ಯವನ್ನು ವಿವರಿಸಿದನು. ಒಂದು ವಸ್ತುವನ್ನು ಅದೇ ಆಕಾರದಲ್ಲಿ ದೊಡ್ಡದು ಮಾಡಿದರೆ ಅದರ ತೂಕ ಉದ್ದದ ಘನಕ್ಕೆ ಅನುಗುಣವಾಗಿಯೂ, ಅದರ ಅಡ್ಡಕೊಯ್ತದ ವಿಸ್ತೀರ್ಣ ಉದ್ದದ ವರ್ಗಕ್ಕೆ ಅನುಗುಣವಾಗಿಯೂ ಹೆಚ್ಚುತ್ತದೆ. ಸ್ನಾಯುವಿನ ಬಲ ಅದರ ಅಡ್ಡಕೊಯ್ತವನ್ನು ಅವಲಂಬಿಸಿದೆ. ಆದಕಾರಣ ಬೆಳೆಯುವ ಹುಡುಗನ ತೂಕ ಅವನ ಬಲಕ್ಕಿಂತ ಮುಂದೆ ಓಡುತ್ತದೆ.

ಇದನ್ನು ಅಂಕಿಗಳಲ್ಲಿ ನೋಡೋಣ. 140 ಸೆಂಟಿಮೀಟರ್ ಎತ್ತರದ ಹುಡುಗನೊಬ್ಬನು ಎರಡು ಮೂರು ವರ್ಷಗಳಲ್ಲಿ 161 ಸೆಂಟಿಮೀಟರ್ ಆದನೆನ್ನಿ. ಎತ್ತರದಲ್ಲಿ ಹೆಚ್ಚಳ ಶೇಕಡ 15 ಮಾತ್ರ. ಆಕಾರ ಬದಲಾಗಲಿಲ್ಲವೆಂದುಕೊಂಡರೆ ಸ್ನಾಯುವಿನ ಅಡ್ಡಕೊಯ್ತ ಶೇಕಡ 32ರಷ್ಟು, ತೂಕ ಶೇಕಡ 52ರಷ್ಟು ಹೆಚ್ಚುತ್ತದೆ. ಅಷ್ಟಕ್ಕೇ ಮುಗಿಯಲಿಲ್ಲ. ದೇಹವನ್ನು ಗಾಳಿಯಲ್ಲಿ ತಿರುಗಿಸಲು ಎದುರಾಗುವ ಅಡ್ಡಿಯನ್ನು ನಿರ್ಧರಿಸುವುದು ತರಗತಿಯಲ್ಲಿ ನಾವು 'ಮೊಮೆಂಟ್ ಆಫ್ ಇನರ್ಷಿಯಾ' ಎಂದು ಕಲಿಸುವ ಜಡತ್ವ ಭ್ರಾಮಕ. ಅದು ತೂಕವನ್ನೂ ಉದ್ದದ ವರ್ಗವನ್ನೂ ಗುಣಿಸಿದಂತೆ ಬೆಳೆಯುತ್ತದೆ, ಅಂದರೆ ಉದ್ದದ ಐದನೆಯ ಘಾತದಂತೆ. 1.15ನ್ನು ಐದು ಬಾರಿ ಗುಣಿಸಿ ನೋಡಿ: ಎರಡಕ್ಕಿಂತ ಕೊಂಚ ಹೆಚ್ಚು ಬರುತ್ತದೆ! ಒಂದು ಗೇಣು ಬೆಳೆದ ಹುಡುಗನನ್ನು ತಿರುಗಿಸುವುದು ಹಿಂದಿಗಿಂತ ಎರಡರಷ್ಟು ಕಷ್ಟ. ಅವನ ಸ್ನಾಯುಗಳು ಕೀಲುಗಳಲ್ಲಿ ಉಂಟುಮಾಡಬಲ್ಲ ತಿರುಗಿಸುವ ಶಕ್ತಿಯಾದರೋ ಒಂದೂವರೆಯಷ್ಟೇ ಆಗಿದೆ. ಕಳೆದ ವರ್ಷ ಲೀಲಾಜಾಲವಾಗಿ ಬರುತ್ತಿದ್ದ ಎರಡು ಲಾಗದ ಪಟ್ಟು ಈ ವರ್ಷ ಒಂದೂಮುಕ್ಕಾಲಕ್ಕೇ ನಿಂತು ಹುಡುಗನು ಮುಖಮುಂದಾಗಿ ಇಳಿದರೆ ಅದನ್ನು ಸೋಮಾರಿತನವೆನ್ನುವುದು ಅನ್ಯಾಯ.

ನಮ್ಮ ಪ್ರಯೋಗಶಾಲೆಯಲ್ಲಿ ತಿರುಗುವ ಪೀಠವೊಂದಿದೆ. ವಿದ್ಯಾರ್ಥಿಯು ಅದರ ಮೇಲೆ ಕುಳಿತು, ಎರಡೂ ಕೈಗಳಲ್ಲಿ ಡಂಬೆಲ್ ಹಿಡಿದು ತೋಳು ಚಾಚಿದರೆ ನಿಧಾನವಾಗಿ ತಿರುಗುತ್ತಾನೆ, ಮಡಿಸಿದರೆ ರಭಸದಿಂದ ತಿರುಗುತ್ತಾನೆ. ಪ್ರತಿವರ್ಷವೂ ತರಗತಿ ನಗುತ್ತದೆ. ಬೆಳೆಯುವ ಜಿಮ್ನಾಸ್ಟನು ಆ ತೋಳುಗಳನ್ನು ಮಡಿಸಲಾರದೆ ಕುಳಿತವನಂತೆ; ಅವನ ಅವಯವಗಳ ಉದ್ದವನ್ನು ಪ್ರಕೃತಿಯೇ ಚಾಚಿಬಿಟ್ಟಿದೆ.

ಕಂಬಿಯ ಮೇಲಿನ ದೊಡ್ಡ ಸುತ್ತನ್ನು ತೆಗೆದುಕೊಳ್ಳೋಣ. ಹುಡುಗನು ತಲೆಕೆಳಗಾಗಿ ಕಂಬಿಯ ಮೇಲೆ ನೆಟ್ಟಗೆ ನಿಂತು, ದೇಹವನ್ನು ಬಿಗಿಹಿಡಿದು ಕೆಳಗೆ ಬೀಳುತ್ತಾನೆ. ಅವನನ್ನು ಸಮನಾದ ಒಂದು ಕೋಲೆಂದು ಭಾವಿಸಿ ಲೆಕ್ಕ ಮಾಡಿದರೆ, ಕೆಳಬಿಂದುವಿನಲ್ಲಿ ಕೈಗಳ ಮೇಲೆ ಬೀಳುವ ಎಳೆತ ಅವನ ತೂಕದ ನಾಲ್ಕರಷ್ಟು. ವಿಚಿತ್ರವೆಂದರೆ ಈ ನಾಲ್ಕು ಎಂಬುದು ಕೋಲಿನ ಉದ್ದವನ್ನು ಅವಲಂಬಿಸುವುದಿಲ್ಲ. (ಕಾಲೇಜು ವಿದ್ಯಾರ್ಥಿಗಳು ಇದನ್ನು ತಾವೇ ಸಾಧಿಸಿ ನೋಡಬಹುದು; ಶಕ್ತಿಯ ನಿತ್ಯತೆಯೊಂದೇ ಸಾಕು.) ಆದರೆ ತೂಕವೇ ಒಂದೂವರೆಯಾದಾಗ ಎಳೆತವೂ ಒಂದೂವರೆಯಾಗುತ್ತದೆ. ಸುತ್ತಿನ ಕಾಲವೂ ಉದ್ದದ ವರ್ಗಮೂಲದಂತೆ ಹೆಚ್ಚುವುದರಿಂದ ಶೇಕಡ 7ರಷ್ಟು ತಡವಾಗುತ್ತದೆ. ಕೈಬಿಡುವ ಕ್ಷಣವನ್ನು ಸಾವಿರಾರು ಬಾರಿ ಅಭ್ಯಾಸದಿಂದ ಮೈಗೂಡಿಸಿಕೊಂಡವನಿಗೆ ಆ ಶೇಕಡ 7 ಸಣ್ಣ ಅಂತರವಲ್ಲ.

ಇನ್ನು ಇಳಿಯುವುದು. ಕಂಬಿಯು ನೆಲದಿಂದ 2.80 ಮೀಟರ್ ಎತ್ತರದಲ್ಲಿದೆ. ಗುರುತ್ವಕೇಂದ್ರವು ಎರಡು ಮೀಟರ್ ಬಿದ್ದರೆ ವೇಗ ಸೆಕೆಂಡಿಗೆ ಆರು ಮೀಟರಿಗೂ ಮೀರುತ್ತದೆ. ಮಂಡಿ ಸೊಂಟಗಳನ್ನು ಬಾಗಿಸಿ 30 ಸೆಂಟಿಮೀಟರಿನಲ್ಲಿ ನಿಂತರೆ ಕಾಲುಗಳು ಸರಾಸರಿ ತೂಕದ ಎಂಟರಷ್ಟು ಹೊರೆಯನ್ನು ತಡೆಯಬೇಕು. ನೆಟ್ಟಗೆ ಬಿದ್ದು 10 ಸೆಂಟಿಮೀಟರಿನಲ್ಲಿ ನಿಂತರೆ ಇಪ್ಪತ್ತೊಂದರಷ್ಟು. ಎಂಟನ್ನು ತಾಳುವ ಕಾಲು ಇಪ್ಪತ್ತೊಂದನ್ನು ತಾಳಬೇಕೆಂದಿಲ್ಲ.

ಲೆಕ್ಕ ಇಷ್ಟು ಸರಳವಾಗಿದ್ದರೂ ಹುಡುಗರು ಕೋಲುಗಳಲ್ಲ. ಅವರು ಒಂದೇ ಆಕಾರದಲ್ಲಿ ಬೆಳೆಯುವುದಿಲ್ಲ. ಮೊದಲು ಕಾಲುಗಳು, ಆಮೇಲೆ ಮುಂಡ. ಹುಡುಗರ ಬೆಳವಣಿಗೆಯ ರಭಸ ಸರಾಸರಿ ಹದಿನಾಲ್ಕನೆಯ ವಯಸ್ಸಿನ ಸುಮಾರಿಗೆ ತುದಿ ಮುಟ್ಟುತ್ತದೆ. ಆಗ ವರ್ಷಕ್ಕೆ ಒಂಬತ್ತು ಹತ್ತು ಸೆಂಟಿಮೀಟರ್ ಬೆಳೆಯುವುದುಂಟು. ಆದರೆ ಒಬ್ಬನಿಗೆ ಅದು ಹನ್ನೆರಡಕ್ಕೇ ಬಂದರೆ ಮತ್ತೊಬ್ಬನಿಗೆ ಹದಿನಾರಕ್ಕೆ ಬರಬಹುದು. ಬಲ ಏರುವುದು ಎತ್ತರ ಏರಿದ ಕೆಲವು ತಿಂಗಳ ಮೇಲೆ. ಮೂಳೆಯಲ್ಲಿ ಖನಿಜ ತುಂಬುವುದೂ ಹಾಗೆಯೇ ಹಿಂದೆ ಬೀಳುತ್ತದೆ. ಮುಂಗೈ ಮೂಳೆಮುರಿತಗಳು ಈ ವಯಸ್ಸಿನಲ್ಲಿಯೇ ಹೆಚ್ಚಾಗಿ ಕಾಣುವುದಕ್ಕೆ ಇದೊಂದು ಕಾರಣ.

ಎಲ್ಲಕ್ಕಿಂತ ನಾಜೂಕಾದುದು ಎಳೆಯ ಮೂಳೆಗಳ ತುದಿಯಲ್ಲಿರುವ ಮೃದ್ವಸ್ಥಿಯ ಪದರ. ಮೂಳೆ ಉದ್ದವಾಗುವುದು ಅಲ್ಲಿಯೇ. ಮುಂಗೈಯ ಎರಡು ಮೂಳೆಗಳಲ್ಲಿ ಹೆಬ್ಬೆರಳಿನ ಕಡೆಯದರ ಬೆಳವಣಿಗೆಯ ಬಹುಪಾಲು ಮಣಿಕಟ್ಟಿನ ಬಳಿಯ ಪದರದಲ್ಲಿ ನಡೆಯುತ್ತದೆ. ಜಿಮ್ನಾಸ್ಟನು ಪಾಮೆಲ್ ಹಾರ್ಸ್ ಮೇಲೆ ತನ್ನ ಮೈಭಾರವನ್ನೆಲ್ಲ ದಿನವೂ ಹೊರಿಸುವುದು ಅದೇ ಮಣಿಕಟ್ಟಿನ ಮೇಲೆ! ನೋವನ್ನು ಲೆಕ್ಕಿಸದೆ ಹೇರುತ್ತ ಹೋದರೆ ಆ ಪದರ ಕೆಟ್ಟು, ಒಂದು ಮೂಳೆ ಇನ್ನೊಂದಕ್ಕಿಂತ ಗಿಡ್ಡವಾಗಿ ನಿಲ್ಲುವುದುಂಟು. ವೈದ್ಯರು ಇದಕ್ಕೆ 'ಜಿಮ್ನಾಸ್ಟರ ಮಣಿಕಟ್ಟು' ಎಂದೇ ಹೆಸರಿಟ್ಟಿದ್ದಾರೆ.

ಆದುದರಿಂದ ಹಂತವನ್ನು ಅಂಕಪಟ್ಟಿಯೂ ಹುಟ್ಟಿದ ದಿನಾಂಕವೂ ತೀರ್ಮಾನಿಸಬಾರದೆಂಬುದೇ ನಮ್ಮ ಖಚಿತವಾದ ಅಭಿಪ್ರಾಯ. ಪ್ರತಿ ಮೂರು ತಿಂಗಳಿಗೊಮ್ಮೆ ಹುಡುಗನ ನಿಂತ ಎತ್ತರವನ್ನೂ ಕುಳಿತ ಎತ್ತರವನ್ನೂ ತೂಕವನ್ನೂ ಬರೆದಿಡಬೇಕು. ಗೆರೆ ಕಡಿದಾಗಿ ಏರುತ್ತಿರುವ ವರ್ಷದಲ್ಲಿ ಹಂತವನ್ನು ಏರಿಸಕೂಡದು. 'ಪಟ್ಟು ಬಂದಿದೆ' ಎನ್ನುವುದಕ್ಕೂ ಬಿಗಿಯಾದ ಅರ್ಥ ಬೇಕು. ಹತ್ತು ಸಲಕ್ಕೆ ಒಮ್ಮೆ ಬಂದ ಪಟ್ಟು ಬಂದಂತಲ್ಲ. ದಣಿದ ಸಂಜೆಯಲ್ಲಿ, ಪೂರ್ಣ ಕ್ರಮದ ಕೊನೆಯಲ್ಲಿ, ಹಿಡಿಯಲು ಯಾರೂ ಪಕ್ಕದಲ್ಲಿ ನಿಲ್ಲದೆ ಬರಬೇಕು.

ಇದಕ್ಕೆ ಎದುರಾಗಿ ಹೇಳಬಹುದಾದುದೂ ಉಂಟು. ಪದಕದ ಆಸೆಯಿಂದ ಪಳಗಿದ ಹುಡುಗನನ್ನು ಕೆಳಗಿನ ಹಂತದಲ್ಲಿಯೇ ಕಟ್ಟಿಹಾಕಿ, ಚಿಕ್ಕವರನ್ನು ಸೋಲಿಸಲು ಬಿಡುವ ತರಬೇತುದಾರರಿದ್ದಾರೆ. ಅದು ಮೋಸ, ಜೊತೆಗೆ ಹುಡುಗನಿಗೂ ಬೇಸರ. ಅಲ್ಲದೆ, ಬೇಗ ಬೆಳೆದ ಹುಡುಗನು ಹದಿಮೂರಕ್ಕೇ ಬಲಿಷ್ಠನಾಗಿ ಎಲ್ಲರನ್ನೂ ಮೀರಿಸಿದಾಗ ತಡವಾಗಿ ಬೆಳೆಯುವವನು ತಾನು ಅಯೋಗ್ಯನೆಂದು ಬಗೆದು ಕ್ರೀಡೆಯನ್ನೇ ಬಿಡುವ ಅಪಾಯವಿದೆ. ಮಣಿಕಟ್ಟಿನ ಅಪಾಯದಷ್ಟೇ ಇದನ್ನೂ ನಾವು ಗಂಭೀರವಾಗಿ ಎಣಿಸುತ್ತೇವೆ. ತಡವಾಗಿ ಬೆಳೆಯುವ ಚಿಕ್ಕ ಹುಡುಗನೇ ನಮ್ಮ ಲೆಕ್ಕದ ಪ್ರಕಾರ ತಿರುಗುವ ಪಟ್ಟುಗಳಿಗೆ ಅನುಕೂಲ ದೇಹದವನು. ರಿಂಗ್ಸ್ ಮೇಲಿನ ಶಿಲುಬೆಯಂತಹ ಬಲದ ಭಂಗಿಗಳನ್ನು ಮಾತ್ರ ಅವನಿಂದ ಈಗಲೇ ಕೇಳಬಾರದು.

ಬೆಳವಣಿಗೆಯ ವರ್ಷದಲ್ಲಿ ಹುಡುಗನನ್ನು ಸುಮ್ಮನೆ ಕೂರಿಸಬೇಕೆಂದು ಇದರ ಅರ್ಥವಲ್ಲ. ಮಣಿಕಟ್ಟು ನೋಯದಷ್ಟು ಮಿತಿಯಲ್ಲಿ ಕೈಗಳ ಮೇಲೆ ನಿಲ್ಲುವುದು, ತೂಗಾಟದ ಮೂಲಪಾಠಗಳು, ಮೆತ್ತನೆಯ ಗುಂಡಿಗೆ ಇಳಿಯುವುದು, ಹೊಸ ಉದ್ದಕ್ಕೆ ಹಳೆಯ ಪಟ್ಟುಗಳನ್ನು ಮತ್ತೆ ಕಲಿಯುವುದು, ಇವೇ ಒಂದು ವರ್ಷಕ್ಕೆ ಧಾರಾಳವಾಗಿ ಸಾಕು. ಗೆಳೆಯನು ಏರಿದನು, ನಾನೇಕೆ ಏರಲಿಲ್ಲ ಎಂದು ಅವನು ಕೇಳಿಯೇ ಕೇಳುತ್ತಾನೆ. ಆಗ 'ನಿನಗಿನ್ನೂ ಸಾಮರ್ಥ್ಯವಿಲ್ಲ' ಎನ್ನುವ ಬದಲು ಅವನದೇ ಎತ್ತರದ ಪಟ್ಟಿಯನ್ನು ಮುಂದಿಟ್ಟು, 1.15ನ್ನು ಐದು ಬಾರಿ ಗುಣಿಸಲು ಹೇಳಿ. ಹೈಸ್ಕೂಲಿನ ಹುಡುಗನಿಗೆ ಅದು ಕಷ್ಟದ ಲೆಕ್ಕವೇನಲ್ಲ.