ಮಗ್ಗಿ ಬಾಯಿಪಾಠವಾಗಲಿ, ಕಲಿಸುವ ಸರದಿ ಬದಲಾಗಲಿ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ಪೋಷಕರು, ಶಿಕ್ಷಕರು ಹಾಗೂ ಶಾಲಾಭಿವೃದ್ಧಿ ಸಮಿತಿಗಳ ಗಮನಕ್ಕೆ

ಒಂದು ಸಂಖ್ಯೆಯನ್ನು ಕ್ರಮವಾಗಿ ಒಂದರಿಂದ ಹತ್ತರವರೆಗೆ ಗುಣಿಸಿದಾಗ ಬರುವ ಲಬ್ಧಗಳ ಪಟ್ಟಿಯೇ ಮಗ್ಗಿ. ಅದನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವ ವಿಷಯದಲ್ಲಿ ಕೂಲಿಮಠದ ಕಾಲದ ಕ್ರಮವೇ ಸರಿ ಎನ್ನುವವರೂ, ಮೊಬೈಲಿನಲ್ಲೇ ಕ್ಯಾಲ್ಕುಲೇಟರ್ ಇರುವಾಗ ಈ ಹಿಂಸೆ ಏಕೆ ಎನ್ನುವವರೂ ಇದ್ದಾರೆ. ಈ ಕರಪತ್ರದ ನಿಲುವು ಎರಡೂ ಪಕ್ಷಗಳಿಗೆ ಸೇರದು: ಮಗ್ಗಿ ಬಾಯಿಗೆ ಬರಲೇಬೇಕು, ಆದರೆ ಅದನ್ನು ಕಲಿಸುತ್ತಿರುವ ಸರದಿ ತಪ್ಪು.

ಮನಸ್ಸು ಒಂದೇ ವೇಳೆಗೆ ಹಿಡಿದಿಟ್ಟುಕೊಳ್ಳಬಲ್ಲ ಸಂಗತಿಗಳು ಕೆಲವೇ. ಈ ಸಾಮರ್ಥ್ಯವನ್ನು ಮನೋವಿಜ್ಞಾನಿಗಳು ಕಾರ್ಯನಿರತ ಸ್ಮೃತಿ ಎನ್ನುತ್ತಾರೆ. 1736ನ್ನು 28ರಿಂದ ಭಾಗಿಸುವ ಮಗುವಿಗೆ ಆರೆಂಟ್ಲ ನಲವತ್ತೆಂಟು ಎಂಬುದು ತಾನಾಗಿ ಹೊಳೆಯದೆ ಬೆರಳು ಎಣಿಸಬೇಕಾಗಿ ಬಂದರೆ, ಎಣಿಸಿ ಮುಗಿಸುವಷ್ಟರಲ್ಲಿ ಭಾಗಾಕಾರದ ಯಾವ ಹಂತದಲ್ಲಿ ನಿಂತಿದ್ದೆನೆಂಬುದೇ ಮರೆತುಹೋಗಿರುತ್ತದೆ. ಮುಂದೆ ಭಿನ್ನರಾಶಿ, ಶೇಕಡಾ, ಬೀಜಗಣಿತಗಳಲ್ಲಿ ಎಡವುವುದಕ್ಕೆ ಎಷ್ಟೋ ವೇಳೆ ಇದೇ ಮೂಲ, ಹೆಸರು ಮಾತ್ರ ದಡ್ಡತನದ್ದು.

ಕ್ಯಾಲ್ಕುಲೇಟರಿನ ವಾದಕ್ಕೆ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯೇ ಉತ್ತರ ಕೊಡುತ್ತದೆ. ಅಲ್ಲಿ ಹರಾಜು ಈಗ ಗಣಕದ ಮೂಲಕ ನಡೆಯುತ್ತದೆ, ಒಟ್ಟು ಮೊತ್ತವನ್ನು ಯಂತ್ರವೇ ತೋರಿಸುತ್ತದೆ. ಆದರೆ ಬಂದ ದರವನ್ನು ಒಪ್ಪುವುದೋ ಬಿಡುವುದೋ ಎಂಬ ತೀರ್ಮಾನ ಬೆಳೆಗಾರನದೇ. 38 ಕಿಲೋ ತೂಗುವ ಲಾಟಿಗೆ ಕಿಲೋಗೆ 460 ರೂಪಾಯಿ ಬಂತೆಂದುಕೊಂಡರೆ, ನಲವತ್ತು ಕಿಲೋಗೆ 18,400, ಅದರಲ್ಲಿ ಎರಡು ಕಿಲೋದ 920 ಕಳೆದರೆ 17,480 ಎಂದು ನಿಂತಲ್ಲೇ ಲೆಕ್ಕ ಹಾಕಿ, ಇನ್ನೂ 25 ರೂಪಾಯಿ ಏರಿದರೆ 950 ಹೆಚ್ಚು ಸಿಗುತ್ತದೆ, ಅಷ್ಟಕ್ಕಾಗಿ ಕಾಯಬಹುದೇ ಎಂದು ತೂಗಿ ನೋಡಬಲ್ಲವನು ಮಾರುಕಟ್ಟೆಯಲ್ಲಿ ಮೋಸಹೋಗುವುದು ಕಡಿಮೆ.

ದೋಷವಿರುವುದು ಒಂದರಿಂದ ಹತ್ತರವರೆಗೆ, ಮೇಲಿನಿಂದ ಕೆಳಕ್ಕೆ, ಎಲ್ಲರೂ ಒಟ್ಟಿಗೆ ರಾಗವಾಗಿ ಹೇಳುವ ಪದ್ಧತಿಯಲ್ಲಿ. ಆ ರಾಗದಲ್ಲಿ ತುಟಿಯಷ್ಟೇ ಆಡಿಸುವ ಮಗು ಅಡಗಿಕೊಳ್ಳುತ್ತದೆ. ಬಾಯಿಬಿಟ್ಟು ಹೇಳುವ ಮಗುವಿಗೂ ಏಳೆಂಟ್ಲ ಎಷ್ಟು ಎಂದು ಥಟ್ಟನೆ ಕೇಳಿದರೆ ಅದು ಏಳೊಂದ್ಲ ಏಳರಿಂದ ಮತ್ತೆ ಹತ್ತಿಕೊಂಡು ಬರಬೇಕಾಗುತ್ತದೆ. ಅಂಥ ಮಗುವಿಗೆ ಸಾಲು ಬಂದಿದೆ, ಮಗ್ಗಿ ಬಂದಿಲ್ಲ.

ಬದಲಿ ಸರದಿ ಹೀಗಿರಬಹುದು. ಮೊದಲು ಎರಡರ ಮಗ್ಗಿ; ಅದನ್ನು ಇಮ್ಮಡಿಸಿದರೆ ನಾಲ್ಕರದು, ಮತ್ತೆ ಇಮ್ಮಡಿಸಿದರೆ ಎಂಟರದು. ಆಮೇಲೆ ಹತ್ತರದು, ಅದರ ಅರ್ಧ ಐದರದು. ಮೂರರದನ್ನು ಇಮ್ಮಡಿಸಿದರೆ ಆರರದು. ಒಂಬತ್ತರದು ಹತ್ತರ ಮಗ್ಗಿಯಿಂದ ಒಂದು ಪಾಲು ಕಳೆದರೆ ಸಿಕ್ಕಿತು: 70ರಲ್ಲಿ 7 ಕಳೆದರೆ ಒಂಬತ್ತೇಳ್ಲ ಅರವತ್ತಮೂರು. ಗುಣಿಸುವ ಎರಡು ಸಂಖ್ಯೆಗಳನ್ನು ಅದಲುಬದಲು ಮಾಡಿದರೂ ಲಬ್ಧ ಬದಲಾಗದು ಎಂಬ ನಿಯಮಕ್ಕೆ ಪರಿವರ್ತನೀಯ ಗುಣ ಎಂದು ಹೆಸರು; ಅದು ಮನಸ್ಸಿಗೆ ನಾಟಿದ ಮೇಲೆ, ಮಕ್ಕಳು ಬಹಳ ಹೆದರುವ ಏಳರ ಮಗ್ಗಿಯಲ್ಲಿ ಹೊಸದಾಗಿ ಕಲಿಯಲು ಉಳಿಯುವುದು ಏಳೇಳ್ಲ ನಲವತ್ತೊಂಬತ್ತು ಒಂದೇ. ಎರಡರಿಂದ ಒಂಬತ್ತರವರೆಗಿನ 64 ಲಬ್ಧಗಳು ಈ ನಿಯಮದಿಂದ 36ಕ್ಕೆ ಇಳಿಯುತ್ತವೆ. ಹೊರೆ ಹೆಚ್ಚುಕಡಿಮೆ ಅರ್ಧದಷ್ಟು ಇಳಿದ ಸಂಗತಿಯನ್ನು ಮಗುವಿಗೆ ಹೇಳದಿದ್ದರೆ ಅದು ಸೋಜಿಗವೇ ಸರಿ.

ಈ ನಿಯಮವನ್ನು ಕಣ್ಣಿಗೆ ಕಾಣಿಸಲು ದೂರದಿಂದ ಉಪಕರಣ ತರಿಸಬೇಕಿಲ್ಲ. ಆಲೆ ಮರವನ್ನು ಕಡೆದು ಅರಗಿನ ಬಣ್ಣ ಕೊಟ್ಟ ಮಣಿಗಳು ಚನ್ನಪಟ್ಟಣದಲ್ಲೇ ತಯಾರಾಗುತ್ತವೆ. ಏಳು ಸಾಲಿನಲ್ಲಿ ಎಂಟೆಂಟು ಮಣಿ ಜೋಡಿಸಿ ಹಲಗೆಯನ್ನು ಅಡ್ಡಕ್ಕೆ ತಿರುಗಿಸಿದರೆ ಎಂಟು ಸಾಲಿನಲ್ಲಿ ಏಳೇಳು ಕಾಣುತ್ತವೆ, ಮಣಿ ಮಾತ್ರ ಅವೇ 56. ಮಾಗಡಿಯ ಮಾವಿನ ತೋಪಿನಲ್ಲಿ ಸಾಲುಮರಗಳನ್ನು ಎರಡು ದಿಕ್ಕಿನಿಂದ ಎಣಿಸಿಸಿದರೂ ಆದೀತು.

ಹಿಂದೆ ಕಾಲು, ಅರೆ, ಮುಕ್ಕಾಲು ಮಗ್ಗಿಗಳನ್ನೂ ಕಲಿಸುತ್ತಿದ್ದರು. ರೂಪಾಯಿಗೆ 16 ಆಣೆ ಇದ್ದ ಕಾಲಕ್ಕೆ ಅವು ಅನಿವಾರ್ಯವಾಗಿದ್ದವು, 1957ರಲ್ಲಿ ದಶಮಾಂಶ ನಾಣ್ಯಗಳು ಬಂದ ಮೇಲೆ ಅವುಗಳ ಅಗತ್ಯ ಕುಗ್ಗಿತು. ಬಳಕೆಗೆ ತಕ್ಕಂತೆ ಮಗ್ಗಿ ಹಿಂದೆಯೂ ಬದಲಾಗಿದೆ ಎಂಬುದನ್ನು ಹಳೆಯ ಕ್ರಮದ ಅಭಿಮಾನಿಗಳು ಗಮನಿಸಬೇಕು.

ಮಗ್ಗಿ ತಪ್ಪಿದ್ದಕ್ಕೆ ಹೊಡೆಯುವುದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ನಿಷಿದ್ಧ. ಹೆದರಿದ ಮಗುವಿಗೆ ಬಂದದ್ದೂ ಮರೆಯುತ್ತದೆ. ಆದ್ದರಿಂದ ಪ್ರತಿ ಶಾಲೆಯಲ್ಲೂ ದಿನಕ್ಕೆ ಹತ್ತು ನಿಮಿಷ ಸಾಲು ತಪ್ಪಿಸಿ, ಒಬ್ಬೊಬ್ಬರನ್ನೇ ಕೇಳುವ ಅಭ್ಯಾಸ ಆರಂಭವಾಗಲಿ. ಶಾಲಾಭಿವೃದ್ಧಿ ಸಮಿತಿಗಳು ತರಗತಿಗೊಂದು ಮಣಿಹಲಗೆ ಮಾಡಿಸಿಕೊಡಲಿ. ಮನೆಯಲ್ಲಿ ಓದು ಬಾರದ ತಾಯಿತಂದೆಯರು ಸಂತೆಯಿಂದ ತಂದ ತರಕಾರಿಯ ಬೆಲೆಯನ್ನು ಮಗುವಿನಿಂದಲೇ ಬಾಯಿಲೆಕ್ಕದಲ್ಲಿ ಹೇಳಿಸಲಿ.